ಬೆಟ್ಟದ ಮೇಲೆ ಕೂರುವ ಕೆಲಸ

ಬೋಳುಬೆಟ್ಟದ ಬುಡದಲ್ಲೊಂದು ಮಠವಿತ್ತು. ಅಲ್ಲಿನ ಗುರು ಶರಭಯ್ಯನವರನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಬೆಟ್ಟ ಹತ್ತಲು ಬಂದವರು ಕೆಲವೊಮ್ಮೆ ಜಾರಿ ಬೀಳುತ್ತಿದ್ದರು, ಮಂಜಿನಲ್ಲಿ ದಾರಿ ತಪ್ಪುತ್ತಿದ್ದರು. ಸುದ್ದಿ ಬಂದರೆ ಸಾಕು, ಮಠದವರೂ ಊರಿನವರೂ ಕೈಯಲ್ಲಿದ್ದ ಕೆಲಸ ಬಿಟ್ಟು ಹಗ್ಗ, ಕಂಬಳಿ ಹಿಡಿದು ಹೊರಡುತ್ತಿದ್ದರು. ಹೋಗಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಶಿಷ್ಯ ಕೊಟ್ರೇಶ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಧ್ಯಾನಕ್ಕೆ ಕೂತರೆ ಮಾತ್ರ ಅವನ ಮೊಣಕಾಲು ಕುಣಿಯುತ್ತಿತ್ತು. ಕಣ್ಣು ಮುಚ್ಚಿದ ಕೂಡಲೇ ಎದ್ದು ಹೋಗಬೇಕು ಅನ್ನಿಸುತ್ತಿತ್ತು. ಎಲ್ಲಿಗೆ ಅಂತ ಅವನಿಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ಏದುಸಿರು ಬಿಡುತ್ತ ಇಳಿದು ಬಂದ. ಅವನ ಜೊತೆ ಹತ್ತಿದ್ದ ಗೆಳೆಯ ಇನಾಯತ್ ಬಂಡೆಯಿಂದ ಜಾರಿದ್ದ. ಎಲ್ಲಿ ಅಂತ ಕೇಳಿದರೆ, ಅವನು ಇಡೀ ಬೆಟ್ಟಕ್ಕೇ ಕೈ ತೋರಿಸಿದ.

ಎರಡು ಗುಂಪಾಗಿ ಹುಡುಕಲು ಹೊರಟರು. ಡೋಲಿ ಹೊತ್ತವರು ಒಂದು ಮಗ್ಗುಲಿಗೆ ಹೋದರು. ಇನ್ನೊಂದು ಮಗ್ಗುಲಲ್ಲಿ ಇನಾಯತ್ ಸಿಕ್ಕಿದ್ದು ಅಜ್ಜಾರಿಗೆ ಮತ್ತು ಕೊಟ್ರೇಶನಿಗೆ. ಕಾಲು ಮುರಿದು, ಕಿರಿದಾದ ಒಂದು ಬಂಡೆಯ ಮೇಲೆ ಬಿದ್ದಿದ್ದ. ಬಂಡೆಯ ಕೆಳಗೆ ಆಳವಾದ ಕೊರಕಲು.

ಅಜ್ಜಾರು ಮುರಿದ ಕಾಲಿಗೆ ಕೋಲು ಇಟ್ಟು ಬಟ್ಟೆ ಸುತ್ತಿದರು.

"ನಾನು ಹೋಗಿ ಡೋಲಿಯವರನ್ನ ಕರ್ಕೊಂಡು ಬರ್ತೀನಿ. ನೀನು ಇವರ ಹತ್ತಿರ ಕೂತಿರು."

"ನೀವು ಕೂರಿ ಅಜ್ಜಾರೆ. ನಾನಾದರೆ ಬೇಗ ಓಡ್ತೀನಿ."

"ಅದಕ್ಕೇ ನಿನ್ನನ್ನ ಕೂರಿಸ್ತಿರೋದು," ಎಂದು ಅಜ್ಜಾರು ಹೊರಟರು.

ಕೊಟ್ರೇಶ ಕೂತ. ಇನಾಯತ್ ಅವನ ಮಣಿಕಟ್ಟು ಹಿಡಿದುಕೊಂಡ.

ಮಂಜು ಏರತೊಡಗಿತು. ಕೊಟ್ರೇಶ ನೀರು ಕುಡಿಸಿದ. ಕಂಬಳಿ ಹೊದಿಸಿದ. ಹೊದಿಸಿದ್ದನ್ನು ಮತ್ತೆ ಸರಿಮಾಡಿದ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ.

"ಬರ್ತಾರಾ?" ಇನಾಯತ್ ಕೇಳಿದ.

"ಬರ್ತಾರೆ."

"ಯಾವಾಗ?"

ಕೊಟ್ರೇಶ ಎದ್ದು ನಿಂತ. "ಆ ಗುಂಡುಕಲ್ಲಿನ ಮೇಲೆ ಹತ್ತಿ ನೋಡ್ತೀನಿ. ಕಂಡರೆ ಕೂಗಿ ಕರೀತೀನಿ."

"ಹೋಗಬೇಡಿ."

"ಇಲ್ಲೇ ಇದೆ. ಈಗ ಬಂದೆ."

ಗುಂಡು ಹತ್ತಿದ. ಯಾರೂ ಕಾಣಲಿಲ್ಲ. ಅದರಾಚೆಗಿನ ಗುಂಡು ಹತ್ತಿದ. ತಿರುಗಿ ನೋಡಿದರೆ ಬರೀ ಬಿಳುಪು. ಬಂದ ದಾರಿಯೇ ಇರಲಿಲ್ಲ.

ಕೆಳಗಿನಿಂದ ಇನಾಯತ್ ಕೂಗುವುದು ಕೇಳಿಸಿತು. ಕೊಟ್ರೇಶ ಓಗೊಟ್ಟ. ಮಂಜಿನಲ್ಲಿ ಆ ದನಿ ಎಲ್ಲಿಗೆ ಹೋಯಿತೋ. ಕೂಗು ಇನ್ನೊಮ್ಮೆ ಬಂತು, ನಿಂತಿತು.

ಅವನು ತಡವರಿಸುತ್ತ ಇಳಿದು ಬರುವಷ್ಟರಲ್ಲಿ ಡೋಲಿ ಬಂದಿತ್ತು. ಅಜ್ಜಾರು ಬಂಡೆಯ ಅಂಚಿನಲ್ಲಿ ಬೋರಲು ಮಲಗಿದ್ದರು. ಅವರ ಎರಡೂ ಕೈಯಲ್ಲಿ ಇನಾಯತ್‌ನ ಅಂಗಿ ಇತ್ತು. ತನ್ನನ್ನು ಬಿಟ್ಟು ಹೋದರು ಅಂದುಕೊಂಡು ಅವನು ಮುರಿದ ಕಾಲನ್ನು ಎಳೆಯುತ್ತ ತೆವಳಿದ್ದ. ಅರ್ಧ ಮೈ ಕೊರಕಲಿನ ಮೇಲೆ ಜೋತುಬಿದ್ದಿತ್ತು.

ಎಲ್ಲರೂ ಸೇರಿ ಮೇಲಕ್ಕೆಳೆದರು. ಡೋಲಿಯಲ್ಲಿ ಮಲಗಿಸಿ ಕೆಳಗಿಳಿಸಿದರು. ಆಂಬುಲೆನ್ಸಿಗೆ ಏರಿಸುವಾಗ ಇನಾಯತ್ ಕೊಟ್ರೇಶನನ್ನು ನೋಡಿದ.

"ಎಲ್ಲಿಗೆ ಹೋಗಿದ್ರಿ?"

ಕೊಟ್ರೇಶ ಬಗ್ಗಿ ಅವನ ಕಂಬಳಿ ಸರಿಮಾಡಿದ.

ಅಜ್ಜಾರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಕಡೆಗೊಂದು ಬೆಳಿಗ್ಗೆ ತಾನೇ ಹೋಗಿ ಅವರೆದುರು ನಿಂತ.

"ಅಜ್ಜಾರೆ, ನೀರು ಕೊಟ್ಟಾಗಿತ್ತು. ಕಂಬಳಿ ಹೊದಿಸಿಯಾಗಿತ್ತು. ಅಲ್ಲಿ ಕೂತು ನಾನು ಇನ್ನೇನು ಮಾಡಬೇಕಿತ್ತು?"

"ಕೂರಬೇಕಿತ್ತು."

ಕೊಟ್ರೇಶ ಬೆಟ್ಟಕ್ಕೆ ಹೋಗುವುದನ್ನೇ ಬಿಟ್ಟ. ಕೋಣೆಯ ಬಾಗಿಲು ಹಾಕಿಕೊಂಡು ಧ್ಯಾನಕ್ಕೆ ಕೂತ. ಮನಸ್ಸು ನಿಂತ ಮೇಲೆಯೇ ಹೊರಗೆ ಬರುವುದು ಅಂತ ನಿಶ್ಚಯಿಸಿದ. ಕಣ್ಣು ಮುಚ್ಚಿದರೆ ಆ ಕೂಗು ಕೇಳುತ್ತಿತ್ತು. ಕೂಗು ನಿಂತದ್ದು ಅದಕ್ಕಿಂತ ಜೋರಾಗಿ ಕೇಳುತ್ತಿತ್ತು.

ಒಂದು ದಿನ ಬಾಗಿಲು ಬಡಿದ ಸದ್ದಾಯಿತು. ಅಜ್ಜಾರು ಹಗ್ಗ ಹಿಡಿದು ನಿಂತಿದ್ದರು.

"ಮೇಲೊಬ್ಬ ಹೆಂಗಸು ಬಿದ್ದಿದ್ದಾಳಂತೆ. ಏಳು."

"ನನ್ನನ್ನ ಬಿಟ್ಟುಬಿಡಿ ಅಜ್ಜಾರೆ. ನನ್ನ ಮನಸ್ಸು ಇನ್ನೂ ನಿಂತಿಲ್ಲ."

"ನನ್ನದೂ ನಿಂತಿಲ್ಲ," ಅಂದರು ಅಜ್ಜಾರು. "ಕಂಬಳಿ ತಗೋ."

ಇಬ್ಬರೂ ಹತ್ತಿದರು. ಹೆಂಗಸು ಒಂದು ಸಂದಿಯಲ್ಲಿ ಸಿಕ್ಕಳು. ಭುಜ ಮುರಿದಿತ್ತು, ಮೈ ನಡುಗುತ್ತಿತ್ತು. ಕೊಟ್ರೇಶ ಕಂಬಳಿ ಹೊದಿಸಿದ. ಅವಳು ಅವನ ತೋಳು ಹಿಡಿದುಕೊಂಡಳು.

ಡೋಲಿಯವರನ್ನು ಕರೆತರಲು ಅಜ್ಜಾರು ಎದ್ದರು. ಕೊಟ್ರೇಶನ ಮೊಣಕಾಲು ಆಗಲೇ ಕುಣಿಯತೊಡಗಿತ್ತು.

"ಅಜ್ಜಾರೆ, ನೀವು ಆಚೆ ಹೋದ ಕೂಡಲೇ ಈ ಮನಸ್ಸು ಎದ್ದು ಓಡುತ್ತೆ."

"ಓಡಲಿ ಬಿಡು," ಅಂದರು ಅಜ್ಜಾರು. "ನೀನು ಕೂತಿರು."