ಅಧ್ಯಕ್ಷರ ಮೀಸೆಗೆ ಬೆಳಕು

ಪಂಚಾಯಿತಿ ಅಧ್ಯಕ್ಷ ಮುದಕನಗೌಡರು ಹುಟ್ಟುಹಬ್ಬಕ್ಕೆ ತಮ್ಮದೊಂದು ಆಳೆತ್ತರದ ಫ್ಲೆಕ್ಸ್ ಮಾಡಿಸಿದರು. ಊರಿಗೆಲ್ಲ ಕಾಣಲಿ ಅಂತ ಅದನ್ನು ಗ್ರಂಥಾಲಯದ ಮಾಳಿಗೆಯ ಸೋಲಾರ್ ಪ್ಯಾನೆಲ್‌ಗಳ ಮೇಲೇ ಕಟ್ಟಿಸಿದರು. "ಯಾರರ ಮುಟ್ಟಿದ್ರ ನೋಡ್ರಿ ಮತ್ತ!" ಅಂತ ಗುಡುಗಿ ಹೋದರು.

ಪ್ಯಾನೆಲ್ಲಿಗೆ ಬಿಸಿಲಿಲ್ಲ, ಬ್ಯಾಟರಿ ತುಂಬಲಿಲ್ಲ. ಸಂಜೆ ಓದಲು ಬಂದ ಹುಡುಗಿಯರು, ಪರೀಕ್ಷೆ ಹತ್ತಿರವಿದ್ದರೂ, ಕತ್ತಲಲ್ಲಿ ಪುಸ್ತಕ ಮುಚ್ಚಿ ಮನೆಗೆ ಹೋದರು. ಗ್ರಂಥಾಲಯದ ಕಸ ಗುಡಿಸುವ ಬಾಳವ್ವನಿಗೆ ಸಂಕಟವಾಯಿತು. ಆದರೆ ಗೌಡರೆದುರು ಅವಳು ದೀಪದ ಮಾತೇ ಎತ್ತಲಿಲ್ಲ.

"ಗೌಡ್ರ, ಬಿಸಿಲಿಗೆ ನಿಮ್ಮ ಫೋಟೋ ಬಣ್ಣ ಬಿಡಾಕತ್ತೈತ್ರಿ. ಮೀಸಿ ಆಗ್ಲೇ ಬೆಳ್ಳಗಾಗೈತಿ."

ಗೌಡರ ಕೈ ತಟ್ಟನೆ ತಮ್ಮ ಕಪ್ಪು ಹಚ್ಚಿದ ಮೀಸೆಗೆ ಹೋಯಿತು. "ಮತ್ತೇನ್ ಮಾಡೂದು?"

"ಒಳಗ ಗ್ವಾಡಿಗೆ ಹಾಕೂಣ್ರಿ. ಮ್ಯಾಲ ಒಂದು ದೀಪ ಇದ್ರ ರಾತ್ರಿನೂ ಮುಖ ಫಳಫಳ ಅಂತೈತಿ."

ಅಂದೇ ಫ್ಲೆಕ್ಸ್ ಮಾಳಿಗೆಯಿಂದಿಳಿದು ಒಳಗಿನ ಗೋಡೆಗೇರಿತು, ಅದರ ಮೇಲೊಂದು ದೀಪವೂ ಬಂತು. ಹುಡುಗಿಯರು ಆ ದೀಪದ ಕೆಳಗೇ ಓದಲು ಕೂತರು.

ಕೆಲವು ದಿನ ಬಿಟ್ಟು ಗೌಡರು ನೋಡಲು ಬಂದರು. "ಬಾಳವ್ವ, ನನ್ನ ಮುಖದ ಮ್ಯಾಲ ಬೆಳಕು ಯಾಕೋ ಮಂಕಾಗೈತಲ್ಲ?"

"ಪ್ಯಾನೆಲ್ ಮ್ಯಾಲ ಧೂಳು ಕುಂತೈತ್ರಿ. ನನಗ ಮೊಣಕಾಲು ನೋವು, ಏಣಿ ಹತ್ತಾಕ ಆಗೂದಿಲ್ಲ. ಮುಖ ನಿಮ್ಮದು, ಬ್ಯಾರೆಯವರು ಮನಸಿಟ್ಟು ಒರಸ್ತಾರೇನ್ರಿ?"

ಈಗ ಪ್ರತಿ ಸೋಮವಾರ ಬೆಳಿಗ್ಗೆ ಅಧ್ಯಕ್ಷರು ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಮಾಳಿಗೆ ಹತ್ತುತ್ತಾರೆ. ಬಾಳವ್ವ ಕೆಳಗೆ ಏಣಿ ಹಿಡಿದು ನಿಂತಿರುತ್ತಾಳೆ.

"ಆ ಮೂಲಿ ಬಿಟ್ರಿ ನೋಡ್ರಿ ಗೌಡ್ರ," ಅಂತ ಕೂಗುತ್ತಾಳೆ. "ನಿಮ್ಮ ಮೀಸಿಗೆ ಬೆಳಕು ಬರೂದು ಅಲ್ಲಿಂದನ!"