ಸುಮ್ಕಿರಮ್ಮನ ಗುಡ್ಡ

ಸೀಗೆಪಾಳ್ಯದ ಪಡುವಣಕ್ಕಿರುವ ಕಲ್ಲುಗುಡ್ಡದ ನೆತ್ತಿಯಲ್ಲಿ ಪುಟ್ಟ ಗುಡಿಯೊಂದಿದೆ. ಅದರೊಳಗೆ ಮೊಣಕೈಯುದ್ದದ ದೇವಮಾತೆ ಮರಿಯಾ. ಲೋಕದ ಮಾತೆಯರಿಗೆ ಎಂತೆಂಥ ಚಂದದ ಹೆಸರುಗಳಿದ್ದರೂ, ಭಕ್ತರನ್ನು ಗದರಿಸುವ ಹೆಸರಿರುವುದು ನಮ್ಮೂರ ತಾಯಿಯೊಬ್ಬಳಿಗೇ: ಸುಮ್ಕಿರಮ್ಮ. ಇಲ್ಲಿ ಗಂಟೆಯಿಲ್ಲ, ಮೈಕಿಲ್ಲ. ಬುಡದಲ್ಲಿ ಮೇಣದಬತ್ತಿ ಮಾರುವವನು ಊರಿಗೆಲ್ಲ ಬಾಯಾಳಿ, ಇಲ್ಲಿ ಮಾತ್ರ ಬೆರಳೆತ್ತಿ ಬೆಲೆ ಹೇಳುತ್ತಾನೆ. ಮೇಲೆ ಹೋದವರು ಏನನ್ನೂ ಬೇಡುವುದಿಲ್ಲ. ಕಿವಿಗೊಟ್ಟು ಕೂತು ಇಳಿದು ಬರುತ್ತಾರೆ.

ಹಿಂದೆ ಒಮ್ಮೆ, ಮನುಷ್ಯರ ಗಂಟಲು ಈಗಿನಷ್ಟು ಸೊರಗಿರದ ಕಾಲದಲ್ಲಿ, ಈ ಊರಿನಲ್ಲಿ ಇನ್ನಾಸಮ್ಮ ಎಂಬ ಹೆಣ್ಣುಮಗಳಿದ್ದಳು. ಆಕೆ ಅಂಗಳದಲ್ಲಿ ‘ನಮೋ ಮರಿಯಾ’ ಎಂದರೆ ಹೊಳೆಯಾಚೆಯವರು ‘ಆಮೆನ್’ ಎನ್ನುತ್ತಿದ್ದರಂತೆ. ಹುಣಸೆ ಉದುರಿಸಲು ಕೋಲು ಬೇಕಿರಲಿಲ್ಲ, ಆಕೆಯನ್ನು ಮರದಡಿ ನಿಲ್ಲಿಸಿ ಒಂದು ಜಪಸರ ಹೇಳಿಸಿದರೆ ಸಾಕಿತ್ತು ಎನ್ನುತ್ತಾರೆ. ಸುಳ್ಳೆನ್ನುವವರು ಆ ಮರವನ್ನೇ ಕೇಳಲಿ. ಕಡಿದು ಬಹಳ ಕಾಲವಾಯಿತು. ಇಂಥವಳಿಗೂ ಒಂದು ಕೊರಗಿತ್ತು. ತಾನು ಇಷ್ಟು ಮಾತಾಡಿದರೂ ದೇವರು ತಿರುಗಿ ಒಂದು ಮಾತೂ ಆಡಿರಲಿಲ್ಲ. ಗುಡುಗಿದಾಗಲೆಲ್ಲ ಬೀಸುವುದನ್ನು ಬಿಟ್ಟು ಹೊರಗೋಡಿ ಆಲಿಸುವಳು. "ಏನಂದ ದೇವ್ರು?" ಎಂದು ಅತ್ತೆ ಆರೋಗ್ಯಮ್ಮ ಕೊಂಕು ತೆಗೆದರೆ, "ಒಣಗಾಕಿದ್ ರಾಗಿ ಎತ್ತಿಡು ಅಂದ" ಎಂದು ಮುಖ ತಿರುಗಿಸುವಳು.

ಒಂದು ದಿನ ಆಕೆಯ ಗಂಡ ಚೌರಪ್ಪ ತಪ್ಪಿಸಿಕೊಂಡ ಹೋತವನ್ನು ಹುಡುಕುತ್ತ ಗುಡ್ಡ ಹತ್ತಿದ. ಕತ್ತಲಾಗುವಷ್ಟರಲ್ಲಿ ಹೋತ ಮನೆಗೆ ಬಂತು, ಚೌರಪ್ಪ ಬರಲಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಊರಿಗೆ ಊರೇ ತಮಟೆ ಬಡಿಯುತ್ತ, ಕೂಗುತ್ತ ಗುಡ್ಡವನ್ನು ಜಾಲಾಡಿತು. ಎಲ್ಲರಿಗಿಂತ ಮುಂದೆ ಇನ್ನಾಸಮ್ಮ, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರಿಗೆ ಉಸಿರಾಡಲೂ ಬಿಡದೆ ಮೊರೆಯಿಡುತ್ತ. ಹೊತ್ತು ಇಳಿಯಿತು. ಜನ ಚಿರತೆಯ ಮಾತು ತೆಗೆದರು. ಅದು ಕಿವಿಗೆ ಬಿದ್ದದ್ದೇ ಇನ್ನಾಸಮ್ಮ ನೆತ್ತಿಯ ಚಪ್ಪಡಿಯ ಮೇಲೆ ಕುಸಿದು, "ಇವತ್ತಾದ್ರೂ ಮಾತಾಡು ದೇವ್ರೇ, ಎಲ್ಲವ್ನೆ ಹೇಳು" ಎಂದು ಬಿಡದೆ ಕೂಗತೊಡಗಿದಳು. ಏದುಸಿರಿಡುತ್ತ ಬಂದ ಅತ್ತೆ ಪಕ್ಕದಲ್ಲಿ ಕೂತು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

"ಅವ್ನಿಗೆ ಮಾತಾಡಕ್ಕೆ ಎಲ್ಲಿ ಸಂದು ಬಿಟ್ಟಿದ್ದೀಯೆ? ಸುಮ್ಕಿರು."

ಆ ದನಿಗೆ ತಮಟೆಯೂ ನಿಂತಿತು. ಮೊದಲು ಗಾಳಿ ಕೇಳಿಸಿತು. ಆಮೇಲೆ ಕಾಲಡಿಯಿಂದಲೇ ಎಂಬಂತೆ, ಟಿಣ್, ಟಿಣ್. ಲಂಟಾನ ಮುಚ್ಚಿದ ಬಂಡೆಯ ಸಂದಿನಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ಚೌರಪ್ಪ, ಕೂಗಿ ಕೂಗಿ ಗಂಟಲು ಕಟ್ಟಿ, ಎಲೆಯಡಿಕೆಯ ಸುಣ್ಣದ ಡಬ್ಬಿಯಿಂದ ಕಲ್ಲು ಕುಟ್ಟುತ್ತಿದ್ದ. ಮೇಲೆತ್ತಿದಾಗ ಹೆಂಡತಿಗೆ ಪಿಸುಗುಟ್ಟಿದ: "ಬೆಳಗಿಂದ ಕುಟ್ತಾವ್ನಿ ಕಣೆ. ನಿನ್ ಜಪ ನಂಗೆ ಕೇಳ್ತಿತ್ತು, ನಂದೇ ನಿಂಗೆ ಕೇಳ್ನಿಲ್ಲ."

ಭಾನುವಾರ ಪೂಜೆ ಮುಗಿದ ಮೇಲೆ ಗುರುಗಳು, "ಅಂತೂ ದೇವರ ದನಿ ಕೇಳಿದೆಯಲ್ಲಮ್ಮ, ಹೇಗಿತ್ತು?" ಎಂದರು. ಇನ್ನಾಸಮ್ಮ ಸೆರಗು ಸರಿಮಾಡಿಕೊಂಡು, ಒಲ್ಲದ ಮನಸ್ಸಿನಿಂದಲೇ, "ನಮ್ಮತ್ತೆ ದನಿ ಇದ್ದಂಗೇ ಇತ್ತು ಸ್ವಾಮಿ" ಎಂದಳಂತೆ.

ಗುಡಿ ಕಟ್ಟಿದ್ದು ಚೌರಪ್ಪ, ಹೆಸರಿಟ್ಟಿದ್ದು ಊರು. ಆರೋಗ್ಯಮ್ಮ ತೀರಿಕೊಂಡ ಮೇಲೆ ಇನ್ನಾಸಮ್ಮ ಸಂಜೆ ಸಂಜೆ ಗುಡ್ಡ ಹತ್ತಿ ಚಪ್ಪಡಿಯ ಅಂಚಿಗೆ ಕೂರುತ್ತಿದ್ದಳು. ಒಮ್ಮೊಮ್ಮೆ ಬೇಕೆಂದೇ ಜಪವನ್ನು ಗಟ್ಟಿಯಾಗಿ ಶುರುಮಾಡಿ, ನಡುವೆ ನಿಲ್ಲಿಸಿ, ಯಾರಾದರೂ ಗದರಿಸಿಯಾರು ಎಂದು ಕಾಯುತ್ತಿದ್ದಳು ಎನ್ನುತ್ತಾರೆ. ಆ ನೆಗ್ಗಿದ ಡಬ್ಬಿ ಇಂದಿಗೂ ಮಾತೆಯ ಪಾದದ ಬಳಿ ಇದೆ. ಚಪ್ಪಡಿಯ ಒಂದು ಅಂಚು ಕೂತು ಕೂತು ನುಣುಪಾಗಿದೆ. ಅದರ ಪಕ್ಕದ, ಅಂದು ಅತ್ತೆ ಕೂತಿದ್ದ ಜಾಗ ಒರಟಾಗಿಯೇ ಉಳಿದಿದೆ. ಎಷ್ಟೇ ಜನ ಸೇರಿದರೂ ಅಲ್ಲಿ ಯಾರೂ ಕೂರುವುದಿಲ್ಲ.