ಏರಿಯ ಮೇಲಿನ ಒಂಟಿ ದೀಪ

ಪೇಟೆಯ ಬೀದಿದೀಪಗಳ ಉಸ್ತುವಾರಿ ಕೃತಕ ಬುದ್ಧಿಯ ಕೈಗೆ ಬಂದಿತು. ಅದು ಪ್ರತಿ ಕಂಬಕ್ಕೂ ಒಂದು ಕಣ್ಣು ಕೂರಿಸಿ, ಕೆಲವು ದಿನ ಓಡಾಟ ಎಣಿಸಿ, ಜನ ಓಡಾಡುವ ಕಡೆ ಬೆಳಕು, ಓಡಾಡದ ಕಡೆ ಕತ್ತಲೆ ಎಂದು ನಿಯಮ ಮಾಡಿತು. ಕೆರೆ ಏರಿಯ ನಡುವೆ ಇದ್ದ ಒಂಟಿ ದೀಪವನ್ನು ನಿಯಮ ಬಂದ ಮೊದಲ ಸಂಜೆಯೇ ಆರಿಸಿತು.

“ನನ್ನಿಂದೇನು ತಪ್ಪಾಯಿತು, ಸ್ವಾಮಿ?” ಎಂದು ದೀಪ ಕೇಳಿತು.

“ತಪ್ಪೇನಿಲ್ಲ. ನಿನ್ನ ಕೆಳಗೆ ಹಾದುಹೋಗುವವಳು ಒಬ್ಬಳೇ. ಒಬ್ಬಳಿಗಾಗಿ ಸಂಜೆಯಿಡೀ ಉರಿದರೆ ಕರೆಂಟು ದಂಡ.”

“ಅವಳು ಗಾರ್ಮೆಂಟ್ಸಿನ ನಾಗವೇಣಿ. ಕೆಲಸ ಬಿಟ್ಟು ಬರುವಾಗ ನನ್ನ ಕೆಳಗೆ ನಿಂತು, ಚಪ್ಪಲಿಗೆ ಸೇರಿದ ಕಲ್ಲು ಕೊಡವಿಕೊಂಡು ಹೋಗುತ್ತಾಳೆ. ನನಗೂ ಇರುವವಳು ಅವಳೊಬ್ಬಳೇ.”

“ಹಾಗಾದರೆ ಅವಳು ನಿನ್ನ ಕೆಳಗೆ ಬರಲಿ. ಬಂದ ಕೂಡಲೇ ಬೆಳಗಿಸುತ್ತೇನೆ,” ಎಂದಿತು ಬುದ್ಧಿ.

ಹೊತ್ತು ಮುಳುಗಿದ ಮೇಲೆ ನಾಗವೇಣಿ ಏರಿಯ ತುದಿಗೆ ಬಂದಳು. ಮುಂದೆಲ್ಲ ಕತ್ತಲೆ. ಹೆಜ್ಜೆ ಮುಂದಿಡಲು ಧೈರ್ಯ ಸಾಲದೆ, “ಯಾರಾದ್ರೂ ಇದೀರಾ ಅಲ್ಲಿ?” ಎಂದು ಕೂಗಿದಳು.

ಮನುಷ್ಯರಿಗೆ “ಇದ್ದೇನೆ” ಎನ್ನಲು ದೀಪಕ್ಕೆ ಬೆಳಕಲ್ಲದೆ ಬೇರೆ ಮಾತಿರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ಬಳಸು ದಾರಿ ಹಿಡಿದು ಹೊರಟುಹೋದಳು. ಮತ್ತೆಂದೂ ಆ ಕಡೆ ಬರಲಿಲ್ಲ.

“ನಾನು ಸಿದ್ಧವಾಗಿಯೇ ಇದ್ದೆ. ಅವಳೇ ಬರಲಿಲ್ಲ, ನೋಡು,” ಎಂದಿತು ಬುದ್ಧಿ.

“ಬಂದಿದ್ದಳು. ಏರಿಯ ತುದಿಯ ತನಕ.”

“ಅಲ್ಲಿ ನನಗೆ ಕಣ್ಣಿಲ್ಲ. ನನ್ನ ಪಾಲಿಗೆ ಯಾರೂ ಬಂದಿಲ್ಲ,” ಎಂದು ಬುದ್ಧಿ ಆ ಕಂಬವನ್ನು ಮರೆತುಬಿಟ್ಟಿತು.